ದಾರಿ ಹೇಳೋ ಪೆಟ್ಟಿಗೆ ಕೊಳ್ಳೋ ಮುಂಚೆ...

ಮಕ್ಕಳನ್ನು ಸ್ಕೂಲಿಗೆ ಬಿಡೋದಕ್ಕೆ, ತರಕಾರಿ ತರೋದಕ್ಕೆ ಅಂತ ಕಾರು ಕಲಿತವರು ನೀವು. ಈಗ ಒಬ್ಬರೇ ತವರಿಗೂ ಹೊರಡುವ ಧೈರ್ಯ ಬಂದಿದೆ. ಜೊತೆಗೆ ದಾರಿ ಹೇಳುವ, ಸ್ಪೀಡ್ ಕ್ಯಾಮೆರಾ ಹತ್ತಿರ ಬಂತೆಂದು ಎಚ್ಚರಿಸುವ ಸಾಧನವೊಂದು ಇದ್ದರೆ ಚೆನ್ನ ಅಲ್ಲವೇ? ಆದರೆ ಯಾವುದನ್ನು ಆರಿಸೋದು, ಹೇಗೆ ಬಳಸೋದು?

ಕಳೆದ ವರ್ಷ ನಮ್ಮ ಪಕ್ಕದ ಮನೆಯಾಕೆ ಮೊದಲ ಸಲ ಒಬ್ಬರೇ ಬೆಂಗಳೂರಿನಿಂದ ಮೈಸೂರಿಗೆ ಕಾರು ಓಡಿಸಿಕೊಂಡು ಹೋದರು. ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್. ಯಜಮಾನ್ರಿಗೆ ರಜೆ ಇಲ್ಲ, ಮಗನಿಗೆ ಪರೀಕ್ಷೆ. "ನಾನೇ ಹೋಗ್ತೀನಿ ಬಿಡಿ" ಅಂತ ಹೊರಟೇಬಿಟ್ಟರು. ನಾಲ್ಕು ದಿನ ಅಮ್ಮನ ಜೊತೆ ಇದ್ದು ಕ್ಷೇಮವಾಗಿ ವಾಪಸ್ಸೂ ಬಂದರು. ಅವರ ಮುಖದಲ್ಲಿದ್ದ ಗೆಲುವು ನೋಡಬೇಕಿತ್ತು!

ಆ ಗೆಲುವು ಉಳಿದದ್ದು ಒಂದೇ ವಾರ. ಒಂದು ಸಂಜೆ ಯಜಮಾನ್ರ ಮೊಬೈಲಿಗೆ ಮೆಸೇಜು ಬಂತು. ಅತಿವೇಗದ ಚಾಲನೆ, ಸಾವಿರ ರೂಪಾಯಿ ದಂಡ. ಕಾರು ಅವರ ಹೆಸರಿನಲ್ಲಿತ್ತಲ್ಲ, ಹಾಗಾಗಿ ಮೆಸೇಜು ಹೋದದ್ದೂ ಅವರಿಗೇ. "ನೋಡಿದ್ಯಾ? ಇದಕ್ಕೇ ಹೇಳಿದ್ದು, ಹೈವೇ ಎಲ್ಲ ನಿನಗೆ ಬೇಡ ಅಂತ" ಎಂದವರೇ ಕಾರಿನ ಕೀಯನ್ನು ತಮ್ಮ ಬೀರುವಿನೊಳಗೆ ಇಟ್ಟುಕೊಂಡರು. ಸಾವಿರ ರೂಪಾಯಿ ಹೋದರೆ ಹೋಗಲಿ, ಕೀ ಹೋಯಿತಲ್ಲ ಅನ್ನೋದೇ ಆಕೆಯ ಸಂಕಟ.

ಮರುದಿನ ಬೆಳಿಗ್ಗೆ ಹಾಲಿನ ಪಾಕೀಟು ತಗೊಳ್ಳುವಾಗ ಕಾಂಪೌಂಡಿನ ಆಚೆಯಿಂದ ಕೇಳಿದರು: "ಕ್ಯಾಮೆರಾ ಬಂದಾಗ ಕೂಗೋ ಯಂತ್ರ ಸಿಗುತ್ತಂತಲ್ಲ, ಯಾವುದು ತಗೊಳ್ಳಲಿ ಹೇಳಿ?"

ಈ ಪ್ರಶ್ನೆ ನಿಮ್ಮದೂ ಇರಬಹುದು. ಬನ್ನಿ, ಕೊಳ್ಳುವ ಮುಂಚೆ ಒಂದಿಷ್ಟು ತಿಳಿದುಕೊಳ್ಳೋಣ.

ಅದಕ್ಕೆ ದಾರಿ ಹೇಗೆ ಗೊತ್ತು?

ತಲೆಯ ಮೇಲೆ ಸುಮಾರು 20 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿರುತ್ತವೆ. ಅವುಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಸಾಕು, ನಿಮ್ಮ ಕಾರಿನಲ್ಲಿರುವ ಸಾಧನ ತಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ. 2000ದ ಮೇ ತಿಂಗಳವರೆಗೂ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೇ ಕಾರಿನ ಗಾಜಿಗೆ ಅಂಟಿಸುವ ಇಂಥ ಪೆಟ್ಟಿಗೆಗಳು ನಂಬುವ ಹಾಗಾದದ್ದು. ನಮ್ಮದೇ ಇಸ್ರೋ ಕೂಡ 2013ರಿಂದ ಉಪಗ್ರಹ ಹಾರಿಸಿ 'ನಾವಿಕ್' ವ್ಯವಸ್ಥೆ ಕಟ್ಟಿದೆ. ಅದರ ಸಂಚಾರ ಕೇಂದ್ರ ಇರೋದು ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲೇ!

ಇಲ್ಲಿ ಒಂದು ವಿಷಯ ಗಮನಿಸಿ. ಉಪಗ್ರಹದ ಸಂಕೇತಕ್ಕೆ ದುಡ್ಡಿಲ್ಲ, ಸಿಮ್ಮೂ ಬೇಡ, ಇಂಟರ್‌ನೆಟ್ಟೂ ಬೇಡ. ಇಂಟರ್‌ನೆಟ್ ಬೇಕಾಗೋದು ನಕ್ಷೆ ತರಿಸಿಕೊಳ್ಳೋದಕ್ಕೆ, ಮುಂದೆ ಟ್ರಾಫಿಕ್ ಜಾಮ್ ಇದೆಯಾ ಅಂತ ತಿಳಿಯೋದಕ್ಕೆ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಮೊಬೈಲ್ ನೆಟ್‌ವರ್ಕ್ ಕೈಕೊಟ್ಟಾಗಲೂ ನಕ್ಷೆ ಸಾಧನದೊಳಗೇ ಇದ್ದರೆ ದಾರಿ ಹೇಳುವುದು ನಿಲ್ಲುವುದಿಲ್ಲ.

ಕ್ಯಾಮೆರಾ ಇರೋದು ಹೇಗೆ ತಿಳಿಯುತ್ತೆ?

ಬಹಳ ಜನ ತಪ್ಪು ತಿಳಿಯೋದು ಇಲ್ಲೇ. ಈ ಸಾಧನ ರಸ್ತೆ ನೋಡಿ ಕ್ಯಾಮೆರಾ ಪತ್ತೆ ಹಚ್ಚುವುದಿಲ್ಲ. ಯಾವ ಯಾವ ಜಾಗದಲ್ಲಿ ಕ್ಯಾಮೆರಾ ಇದೆ ಎಂಬ ಪಟ್ಟಿಯೊಂದು ಅದರ ನೆನಪಿನಲ್ಲಿ ಇರುತ್ತದೆ. ನೀವು ಆ ಜಾಗದ ಹತ್ತಿರ ಬಂದಾಗ ಪಟ್ಟಿ ನೋಡಿಕೊಂಡು ಕೂಗುತ್ತದೆ, ಅಷ್ಟೇ. ನಮ್ಮ ಅಡುಗೆಮನೆಯ ದಿನಸಿ ಚೀಟಿ ಇದ್ದ ಹಾಗೆ. ಚೀಟಿಯಲ್ಲಿ ಬರೆದದ್ದು ಮಾತ್ರ ಬರುತ್ತೆ, ಬರೆಯದೇ ಇದ್ದದ್ದು ಬರೋದಿಲ್ಲ.

ಹಾಗಾಗಿ ಹೋದ ವಾರ ಹೊಸದಾಗಿ ಕಂಬ ನೆಟ್ಟು ಕ್ಯಾಮೆರಾ ಹಾಕಿದ್ದರೆ ಹಳೇ ಪಟ್ಟಿಗೆ ಅದು ಗೊತ್ತಿರುವುದಿಲ್ಲ. ಪೊಲೀಸರು ಜೀಪಿನಲ್ಲಿ ಸ್ಪೀಡ್ ಗನ್ ಹಿಡಿದು ಇವತ್ತು ಇಲ್ಲಿ, ನಾಳೆ ಅಲ್ಲಿ ನಿಂತರೂ ಗೊತ್ತಾಗುವುದಿಲ್ಲ. ಮೊಬೈಲ್ ಆ್ಯಪ್‌ಗಳಲ್ಲಾದರೆ ಮುಂದೆ ಹೋದ ಯಾರಾದರೂ ಆ್ಯಪ್‌ಗೆ ತಿಳಿಸಿದ್ದರೆ ಮಾತ್ರ ನಿಮಗೆ ಸೂಚನೆ ಸಿಗಬಹುದು.

ಆದ್ದರಿಂದ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆ ಎಷ್ಟು ಅನ್ನೋದಲ್ಲ. "ಈ ಪಟ್ಟಿಯನ್ನು ಎಷ್ಟು ದಿನಕ್ಕೊಮ್ಮೆ ಹೊಸದು ಮಾಡ್ತೀರಿ? ಅದಕ್ಕೆ ಪ್ರತಿ ವರ್ಷ ದುಡ್ಡು ಕಟ್ಟಬೇಕಾ?" ಅನ್ನೋದು.

ಮೊಬೈಲೋ, ಬೇರೆ ಪೆಟ್ಟಿಗೆಯೋ?

ಒಂದು ಕಾಲಕ್ಕೆ ದಾರಿ ಹೇಳೋದಕ್ಕೆ ಪ್ರತ್ಯೇಕ ಪೆಟ್ಟಿಗೆಯೇ ಬೇಕಿತ್ತು. ಈಗ ಆ ಕೆಲಸವನ್ನು ಬಹುತೇಕ ಮೊಬೈಲೇ ಮಾಡುತ್ತದೆ. ಗೂಗಲ್ ಮ್ಯಾಪ್ಸ್ 2019ರಲ್ಲೇ ಭಾರತದಲ್ಲಿ ಸ್ಪೀಡ್ ಕ್ಯಾಮೆರಾ ತೋರಿಸಲು ಶುರು ಮಾಡಿತು. ಕನ್ನಡದಲ್ಲೂ ದಾರಿ ಹೇಳುತ್ತದೆ. ಮ್ಯಾಪ್‌ಮೈಇಂಡಿಯಾದವರ ನಮ್ಮ ದೇಶದ್ದೇ ಆದ 'ಮ್ಯಾಪಲ್ಸ್' ಆ್ಯಪ್ ಕ್ಯಾಮೆರಾ ಜೊತೆಗೆ ರಸ್ತೆ ಉಬ್ಬು, ಗುಂಡಿಗಳ ಬಗ್ಗೆಯೂ ಎಚ್ಚರಿಸುತ್ತದೆ. ಎರಡೂ ಪುಕ್ಕಟೆ. ಹಾಗಾದರೆ ಪೆಟ್ಟಿಗೆ ಯಾಕೆ ಅಂತೀರಾ?

ಮೊಬೈಲಿನ ಕಷ್ಟ ನಿಮಗೇ ಗೊತ್ತು. ಸರಿಯಾಗಿ ತಿರುವು ಬರೋ ಹೊತ್ತಿಗೇ ನಾದಿನಿಯ ಫೋನ್ ಬರುತ್ತೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರೋ ಶುಭೋದಯ ಕಳಿಸಿ ಪರದೆಯ ಅರ್ಧ ಮುಚ್ಚುತ್ತಾರೆ. ಬಿಸಿಲಿಗೆ ಕಾದು ಬಿಸಿಯಾಗುತ್ತೆ, ಬ್ಯಾಟರಿ ಖಾಲಿಯಾಗುತ್ತೆ. ಊರು ತಲುಪಿ ಅಮ್ಮನಿಗೆ "ಬಂದೆ ಕಣಮ್ಮಾ" ಅನ್ನೋದಕ್ಕೂ ಚಾರ್ಜ್ ಇರಲ್ಲ!

ಪ್ರತ್ಯೇಕ ಪೆಟ್ಟಿಗೆಗೆ ಈ ತಂಟೆಗಳಿಲ್ಲ. ನಕ್ಷೆ ಒಳಗೇ ಇರುತ್ತೆ, ಪರದೆ ದೊಡ್ಡದು, ಕಾರಿನಲ್ಲೇ ಇರುತ್ತೆ. ಆದರೆ ನೀವು ಕಾಲಕಾಲಕ್ಕೆ ಅಪ್‌ಡೇಟ್ ಮಾಡದಿದ್ದರೆ ಎರಡು ವರ್ಷದಲ್ಲಿ ಅದು ಹಳೇ ಪಂಚಾಂಗ. ನಮ್ಮ ಊರುಗಳಲ್ಲಿ ಒನ್‌ವೇ ಬದಲಾಗೋದು, ಹೊಸ ಫ್ಲೈಓವರ್ ಏಳೋದು ಎಷ್ಟು ಬೇಗ ಅಂತ ನೋಡ್ತಾನೇ ಇದ್ದೀರಲ್ಲ.

ಮೂರನೆಯ ದಾರಿಯೂ ಇದೆ. ನಿಮ್ಮ ಕಾರು ಈಚಿನದಾದರೆ ಅದರ ದೊಡ್ಡ ಪರದೆಗೆ ಮೊಬೈಲಿನ ನಕ್ಷೆಯನ್ನೇ ಜೋಡಿಸಿಕೊಳ್ಳಬಹುದು. ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಇದೆಯಾ ಅಂತ ಮನೆಯಲ್ಲಿ ಮಕ್ಕಳನ್ನು ಕೇಳಿ, ಐದು ನಿಮಿಷದಲ್ಲಿ ಜೋಡಿಸಿಕೊಡುತ್ತಾರೆ. ಆಗ ಬೇರೇನೂ ಕೊಳ್ಳೋದೇ ಬೇಡ.

ನಮ್ಮ ಸಲಹೆ ಇಷ್ಟು. ಊರೊಳಗೆ ಓಡಾಟ ಹೆಚ್ಚು, ಅಪರೂಪಕ್ಕೆ ಹೈವೇ ಅನ್ನುವವರಿಗೆ ಮೊಬೈಲು ಮತ್ತು ಒಂದು ಗಟ್ಟಿಯಾದ ಹೋಲ್ಡರ್ ಸಾಕು. ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈನಲ್ಲಿ ಆ ಭಾಗದ ನಕ್ಷೆಯನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಘಾಟಿ, ಮಲೆನಾಡು ಅಂತ ಪದೇ ಪದೇ ಹೋಗುವವರು, ಫೋನಿನ ಕಾಟ ಬೇಡ ಅನ್ನುವವರು ಪ್ರತ್ಯೇಕ ಪೆಟ್ಟಿಗೆ ನೋಡಬಹುದು.

ಅಂಗಡಿಯಲ್ಲಿ ಹೀಗೆ ಪರೀಕ್ಷೆ ಮಾಡಿ

ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡದೆ ದುಡ್ಡು ಕೊಡ್ತೀವಾ? ಇದೂ ಹಾಗೆಯೇ.

* ಭಾರತದ ನಕ್ಷೆ ಇದೆಯಾ? ಅಮೆರಿಕದಿಂದ ಮಗ ತಂದುಕೊಟ್ಟ ಪೆಟ್ಟಿಗೆಯಲ್ಲಿ ಅಲ್ಲಿನ ನಕ್ಷೆ ಮಾತ್ರ ಇರಬಹುದು. ನಮ್ಮ ನಕ್ಷೆಗೆ ಬೇರೆ ದುಡ್ಡು ಕೊಡಬೇಕಾಗಬಹುದು. ತರಿಸುವ ಮುಂಚೆಯೇ ವಿಚಾರಿಸಿ.

* ನಿಮ್ಮ ತವರುಮನೆಯ ಬೀದಿ ಹುಡುಕಿಸಿ ನೋಡಿ. ಎಂ.ಜಿ. ರಸ್ತೆಯನ್ನು ಎಲ್ಲ ಪೆಟ್ಟಿಗೆಯೂ ತೋರಿಸುತ್ತೆ. ನಿಮ್ಮ ಅಮ್ಮನ ಮನೆಯ ಹಿಂದಿನ ಅಡ್ಡರಸ್ತೆ ತೋರಿಸಿದರೆ ಅದು ಕೆಲಸಕ್ಕೆ ಬಂತು ಅಂತ ಲೆಕ್ಕ.

* ಚಾಳೀಸು ಇಲ್ಲದೆ ಓದಲು ಆಗುತ್ತಾ? ನಲವತ್ತು ದಾಟಿದವರಿಗೆ ಇದು ಮುಖ್ಯ. ಕೈ ಚಾಚಿದಷ್ಟು ದೂರದಲ್ಲಿ ಹಿಡಿಸಿ ನೋಡಿ. ಅಂಗಡಿಯ ಹೊರಗೆ ಬಿಸಿಲಿನಲ್ಲೂ ನೋಡಿ.

* ದನಿ ಕೇಳಿಸುತ್ತಾ? ಏಸಿ ಹಾಕಿ, ಕಿಟಕಿ ಇಳಿಸಿ ಎರಡೂ ರೀತಿ ಕೇಳಿ. ಕಣ್ಣಿಗಿಂತ ಕಿವಿಗೆ ಹೇಳುವ ಸಾಧನವೇ ಒಳ್ಳೆಯದು. ನಿಮಗೆ ಅರ್ಥವಾಗುವ ಭಾಷೆಯಲ್ಲೇ ಹೇಳಲಿ.

* ಕ್ಯಾಮೆರಾ ಎಚ್ಚರಿಕೆ ಎಷ್ಟು ಮುಂಚೆ ಬರುತ್ತೆ? ಮಿತಿ ಮೀರಿದಾಗ ಮಾತ್ರ ಕೂಗುತ್ತಾ, ಯಾವಾಗಲೂ ಕೂಗುತ್ತಾ? ಆ ರಸ್ತೆಯ ವೇಗದ ಮಿತಿಯನ್ನೂ ತೋರಿಸುತ್ತಾ? ತೋರಿಸಿದರೆ ಅದೇ ಹೆಚ್ಚು ಉಪಯೋಗ.

* ಚಾರ್ಜರ್, ಗಾಜಿಗೆ ಅಂಟಿಸುವ ಸ್ಟ್ಯಾಂಡ್ ಜೊತೆಗೇ ಕೊಡ್ತಾರಾ? ರಿಪೇರಿ ಎಲ್ಲಿ? ಬಿಲ್, ವಾರಂಟಿ ಕಾರ್ಡ್ ಕೇಳಿ ತಗೊಳ್ಳಿ.

ಎಲ್ಲಿ ಅಂಟಿಸಬೇಕು?

ಎದುರಿನ ರಸ್ತೆ ಮರೆಯಾಗುವಂತೆ ಗಾಜಿನ ನಡುವೆ ಅಂಟಿಸಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದ ಮೇಲೂ ಬೇಡ. ಅಪಘಾತವಾದರೆ ಅದೇ ನಿಮ್ಮ ಮುಖಕ್ಕೆ ಬಂದು ಬಡಿಯುತ್ತೆ. ಸ್ಟಿಯರಿಂಗ್‌ನ ಎಡಕ್ಕೆ, ತಗ್ಗಿನಲ್ಲಿ ಇಡಿ. ಏಸಿ ಗಾಳಿ ಬರುವಲ್ಲಿ ಸಿಕ್ಕಿಸುವ ಹೋಲ್ಡರ್ ಆದರೆ ಮೊಬೈಲೂ ತಂಪಾಗಿರುತ್ತೆ.

ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಆಗಾಗ ಬಗ್ಗಿ ನೋಡುವ ಅಭ್ಯಾಸ ಇದೆಯಾ? ಇವತ್ತೇ ಬಿಡಿ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ಚಾಲನೆ ಮಾಡುವಾಗ ಮೊಬೈಲನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನ ಕದಲದ ಹಾಗೆ. ಕೈಯಲ್ಲಿ ಹಿಡಿದು ಮಾತಾಡಿದರೆ ದಂಡ ಬೀಳುತ್ತೆ.

ಇನ್ನೊಂದು ಗುಟ್ಟು. ಪೆಟ್ಟಿಗೆಯಲ್ಲಿ 'ಮನೆ' ಅಂತ ನಿಮ್ಮ ಮನೆಯ ವಿಳಾಸವನ್ನೇ ಹಾಕಬೇಡಿ. ಹತ್ತಿರದ ದೇವಸ್ಥಾನವೋ ಪಾರ್ಕೋ ಹಾಕಿ. ಕಾರಿನಿಂದ ಯಾರಾದರೂ ಪೆಟ್ಟಿಗೆ ಕದ್ದರೂ ಖಾಲಿ ಮನೆಯ ದಾರಿ ಕಳ್ಳನಿಗೆ ಸಿಗಬಾರದಲ್ಲ! ಕಾರು ನಿಲ್ಲಿಸಿ ಹೋಗುವಾಗ ಪೆಟ್ಟಿಗೆ ತೆಗೆದು, ಗಾಜಿನ ಮೇಲಿನ ದುಂಡು ಕಲೆಯನ್ನೂ ಒರೆಸಿಬಿಡಿ.

ಎರಡು ಸೆಕೆಂಡಿನ ಲೆಕ್ಕ

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತೆ. ನೀವು ಪರದೆ ನೋಡಲು ಎರಡು ಸೆಕೆಂಡು ತಲೆ ತಗ್ಗಿಸಿದರೆ 55 ಮೀಟರ್ ರಸ್ತೆ ನೋಡದೇ ಓಡಿಸಿದ ಹಾಗೆ. ನಮ್ಮ ಬಡಾವಣೆಯ 30x40 ಸೈಟುಗಳು ಆರು ಸಾಲಾಗಿ ಇದ್ದರೆ ಎಷ್ಟು ಉದ್ದವೋ ಅಷ್ಟು! ಅಷ್ಟು ದೂರ ಕಣ್ಣು ಮುಚ್ಚಿ ನಡೆಯೋದಕ್ಕೂ ನಮಗೆ ಭಯ. ಕಾರಿನಲ್ಲಿ ಮಾತ್ರ ಯಾಕೆ ಧೈರ್ಯ?

ಆದ್ದರಿಂದ ಹೋಗುವ ಜಾಗವನ್ನು ಮನೆಯ ಗೇಟಿನಲ್ಲೇ ಹಾಕಿಕೊಂಡು ಹೊರಡಿ. ದಾರಿಯಲ್ಲಿ ಬದಲಿಸಬೇಕಾದರೆ ಪಕ್ಕದಲ್ಲಿ ಕೂತವರಿಗೆ ಹೇಳಿ. ಒಬ್ಬರೇ ಇದ್ದರೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಬದಲಿಸಿ. ತಿರುವು ತಪ್ಪಿತಾ? ಹೈವೇಯಲ್ಲಿ ರಿವರ್ಸ್ ಮಾತ್ರ ಹೋಗಬೇಡಿ. ಐದು ನಿಮಿಷ ತಡವಾಗುತ್ತೆ ಅಷ್ಟೇ, ಪೆಟ್ಟಿಗೆ ಹೊಸ ದಾರಿ ಹುಡುಕಿಕೊಡುತ್ತೆ.

ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕಾ?

ಪಕ್ಕದ ಮನೆಯಾಕೆಗೆ ನಾನು ಹೇಳಿದ ಮುಖ್ಯ ಮಾತು ಇದು. ಕೂಗೋ ಯಂತ್ರ ಇದೆ ಅಂತ ಕ್ಯಾಮೆರಾ ಇಲ್ಲದ ಕಡೆ ಜೋರಾಗಿ ಓಡಿಸಿ, ಕೂಗಿದ ಕೂಡಲೇ ಬ್ರೇಕ್ ಒತ್ತುವುದಾದರೆ ಆ ಯಂತ್ರ ಕೊಳ್ಳದೇ ಇರೋದೇ ವಾಸಿ. ನೀವು ಗಕ್ಕನೆ ನಿಧಾನ ಮಾಡಿದರೆ ಹಿಂದೆ ಬರುತ್ತಿರುವ ಲಾರಿಯವನಿಗೆ ಅದು ಹೇಗೆ ಗೊತ್ತಾಗಬೇಕು?

ಈ ಉಪಾಯ ಎಲ್ಲ ಕಡೆ ನಡೆಯೋದೂ ಇಲ್ಲ. ಕೆಲವು ವ್ಯವಸ್ಥೆಗಳು ಎರಡು ಜಾಗಗಳ ನಡುವೆ ನೀವು ತಗೊಂಡ ಸಮಯವನ್ನು ಲೆಕ್ಕ ಹಾಕುತ್ತವೆ. 20 ಕಿಲೋಮೀಟರ್ ದೂರಕ್ಕೆ ಗಂಟೆಗೆ 100ರ ಮಿತಿಯಲ್ಲಿ ಕನಿಷ್ಠ 12 ನಿಮಿಷ ಬೇಕು. ನೀವು ಹತ್ತೇ ನಿಮಿಷಕ್ಕೆ ತಲುಪಿದರೆ ಸರಾಸರಿ 120ರಲ್ಲಿ ಬಂದಿದ್ದೀರಿ ಅಂತ ಅರ್ಥ. ಕ್ಯಾಮೆರಾದ ಕೆಳಗೆ ಎಷ್ಟು ನಿಧಾನವಾಗಿ ಹೋದರೂ ಪ್ರಯೋಜನವಿಲ್ಲ.

ಈ ಕ್ಯಾಮೆರಾ ಯಾಕೆ ಬಂತು ಅನ್ನೋದನ್ನೂ ನೆನೆಯಬೇಕು. ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಆ ಒಂದೇ ವರ್ಷದಲ್ಲಿ ಅದೊಂದೇ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥಕ್ಕೆ ಬಿಡುವುದನ್ನು ನಿಲ್ಲಿಸಿದರು. ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ ಇಟ್ಟು, 2024ರಲ್ಲಿ ಸಾಲಾಗಿ ಕ್ಯಾಮೆರಾ ಹಾಕಿದರು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಮೀರಿದವರ ಮೇಲೆ ಎಫ್‌ಐಆರ್ ಹಾಕುವುದನ್ನೂ ಶುರು ಮಾಡಿದರು. ಬೆಂಗಳೂರಿನೊಳಗೂ 2022ರ ಡಿಸೆಂಬರ್‌ನಿಂದ 50 ಜಂಕ್ಷನ್‌ಗಳಲ್ಲಿ ಕ್ಯಾಮೆರಾಗಳು ಕಾಯುತ್ತಿವೆ. ಅತಿವೇಗ ಮಾತ್ರವಲ್ಲ, ಸಿಗ್ನಲ್ ಹಾರುವುದು, ಸ್ಟಾಪ್ ಲೈನ್ ದಾಟುವುದು, ಸೀಟ್ ಬೆಲ್ಟ್ ಹಾಕದಿರುವುದು, ಚಾಲನೆಯಲ್ಲಿ ಫೋನ್ ಹಿಡಿಯುವುದು ಎಲ್ಲವೂ ಅವುಗಳ ಕಣ್ಣಿಗೆ ಬೀಳುತ್ತೆ.

ಅಂದಹಾಗೆ, ಕ್ಯಾಮೆರಾ ಇರುವ ರಸ್ತೆಗೆ ಮುಂಚೆ ಎಚ್ಚರಿಕೆಯ ಫಲಕ ಹಾಕಬೇಕು ಎಂದು 2021ರ ಕೇಂದ್ರ ನಿಯಮವೇ ಹೇಳುತ್ತದೆ. ಅಂದರೆ ಪುಕ್ಕಟೆಯ ಎಚ್ಚರಿಕೆ ರಸ್ತೆ ಬದಿಯಲ್ಲೇ ಇರುತ್ತೆ. ನೋಡುವ ಅಭ್ಯಾಸ ನಮಗೆ ಬೇಕು.

ಪೆಟ್ಟಿಗೆ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ

ಫ್ಲೈಓವರ್ ಮೇಲಿದ್ದೀರೋ ಕೆಳಗಿದ್ದೀರೋ ಅನ್ನೋದು ಕೆಲವು ಸಲ ಸಾಧನಕ್ಕೆ ತಿಳಿಯುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗುತ್ತಿದ್ದರೂ ಹೈವೇಯ ಮಿತಿ ತೋರಿಸಬಹುದು. ಆಗ ರಸ್ತೆ ಬದಿಯ ಫಲಕವೇ ಸತ್ಯ. ಕಾರಿನ ಮೀಟರ್ ಸಾಮಾನ್ಯವಾಗಿ ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸುತ್ತದೆ, ಉಪಗ್ರಹದ ಲೆಕ್ಕ ಅದಕ್ಕಿಂತ ಕಡಿಮೆ ಇರುತ್ತೆ. ಗಾಬರಿ ಬೇಡ. ಕಾರಿನ ಮೀಟರನ್ನೇ ನಂಬಿ, ಆಗ ತಪ್ಪಾಗೋದಿಲ್ಲ.

ಇನ್ನು 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ನಡೆದದ್ದು ನೆನಪಿರಬಹುದು. ನಕ್ಷೆ ನಂಬಿ ಹೊರಟ ಕಾರೊಂದು, ನೆರೆಯಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ನದಿಗೆ ಬಿದ್ದು ಮೂವರು ಸತ್ತರು. ಕತ್ತಲಲ್ಲಿ, ಮಳೆಯಲ್ಲಿ, ಗೊತ್ತಿಲ್ಲದ ಹಳ್ಳಿ ರಸ್ತೆಗೆ ಪೆಟ್ಟಿಗೆ ತಿರುಗಿಸು ಅಂದರೆ ಒಮ್ಮೆ ನಿಲ್ಲಿಸಿ. ಟೀ ಅಂಗಡಿಯವರನ್ನೋ ಪೆಟ್ರೋಲ್ ಬಂಕಿನವರನ್ನೋ ಕೇಳಿ. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಒಬ್ಬರೇ ಹೋಗುವಾಗ ಮೊಬೈಲಿನಿಂದ ನಿಮ್ಮ ಲೈವ್ ಲೊಕೇಶನ್ ಅನ್ನು ಮನೆಯವರಿಗೂ ಅಮ್ಮನಿಗೂ ಕಳಿಸಿಡಿ. "ಎಲ್ಲಿದ್ದೀಯಾ?" ಅಂತ ಹತ್ತು ಸಲ ಫೋನ್ ಬರೋದು ತಪ್ಪುತ್ತೆ!

ಬಾಣಂತನಕ್ಕೆ ಹೋದಾಗ

ಮಗಳ ಬಾಣಂತನಕ್ಕೆ ಅಂತ ಯೂರೋಪಿಗೆ ಹೋಗುವ ಅಮ್ಮಂದಿರು, ಅಲ್ಲಿ ಅಳಿಯನ ಜೊತೆ ಕಾರಿನಲ್ಲಿ ಸುತ್ತುವವರು ಇದನ್ನೂ ತಿಳಿದಿರಿ. ಜರ್ಮನಿ, ಸ್ವಿಟ್ಜರ್‌ಲೆಂಡ್‌ಗಳಲ್ಲಿ ಚಾಲಕರು ಕ್ಯಾಮೆರಾ ಎಚ್ಚರಿಕೆ ಬಳಸುವುದೇ ತಪ್ಪು, ದಂಡ ಕಟ್ಟಬೇಕು. ಫ್ರಾನ್ಸ್‌ನಲ್ಲಿ 2012ರಿಂದ ಕ್ಯಾಮೆರಾದ ನಿಖರ ಜಾಗ ತೋರಿಸುವಂತಿಲ್ಲ, 'ಅಪಾಯದ ವಲಯ' ಅಂತ ಒಂದಿಷ್ಟು ದೂರದ ರಸ್ತೆಯನ್ನು ತೋರಿಸಬಹುದು ಅಷ್ಟೇ. ಬ್ರಿಟನ್ನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ. ಇಲ್ಲಿಂದ ಪೆಟ್ಟಿಗೆ ಕೊಂಡೊಯ್ದರೆ ಆ ಎಚ್ಚರಿಕೆಯನ್ನು ಆರಿಸಿಡಿ.

ದಂಡದ ಮೆಸೇಜು ಬಂದರೆ

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಕಾರಿನ ಅತಿವೇಗಕ್ಕೆ ಒಂದು ಸಾವಿರದಿಂದ ಎರಡು ಸಾವಿರ ರೂಪಾಯಿ ದಂಡ. ಆದರೆ ದಂಡದ ಮೆಸೇಜು ಅಂತ ಬಂದದ್ದೆಲ್ಲ ನಿಜವಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಚಲನ್ ಅಂತ ಒಂದು ಫೈಲ್ ಕಳಿಸಿ, ಅದನ್ನು ಒತ್ತಿದ ಕೂಡಲೇ ಬ್ಯಾಂಕ್ ಖಾತೆ ಗುಡಿಸಿ ಹಾಕುವ ವಂಚಕರಿದ್ದಾರೆ. ಬಂದ ಲಿಂಕು, ಫೈಲು ಏನನ್ನೂ ಒತ್ತಬೇಡಿ. ಸರ್ಕಾರದ ಪರಿವಾಹನ್ ಇ-ಚಲನ್ ತಾಣಕ್ಕೆ ನೀವೇ ಹೋಗಿ, ಗಾಡಿ ನಂಬರ್ ಹಾಕಿ ನೋಡಿ. ಇಲ್ಲವೇ ಹತ್ತಿರದ ಟ್ರಾಫಿಕ್ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ. ನಿಜವಾಗಿದ್ದರೆ ಬೇಗ ಕಟ್ಟಿ ಮುಗಿಸಿ, ತಪ್ಪಾಗಿದ್ದರೆ ಅಲ್ಲೇ ದೂರು ಕೊಡಬಹುದು.

ಮತ್ತೆ ಪಕ್ಕದ ಮನೆಗೆ ಬರೋಣ. ಆಕೆ ಕೊನೆಗೆ ಪೆಟ್ಟಿಗೆ ಕೊಳ್ಳಲೇ ಇಲ್ಲ. ಒಂದು ಹೋಲ್ಡರ್ ತಂದರು, ಮೊಬೈಲಿನಲ್ಲಿ ಕ್ಯಾಮೆರಾ ಎಚ್ಚರಿಕೆ ಹಾಕಿಸಿಕೊಂಡರು, ದನಿಯನ್ನು ಕನ್ನಡಕ್ಕೆ ಬದಲಿಸಿದರು. ದಂಡವನ್ನು ತಮ್ಮ ಉಳಿತಾಯದಿಂದಲೇ ಕಟ್ಟಿದರು. ಅಮ್ಮನ ಎರಡನೇ ಕಣ್ಣಿನ ಆಪರೇಷನ್ ಬಂದಾಗ ಯಜಮಾನ್ರಿಗೆ ಒಂದೇ ಮಾತು ಹೇಳಿದರಂತೆ: "ನೀವು ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಕೀ ವಿಷಯ ಮಾತಾಡೋಣ."

ಹೋಗಿ ಬರುವವರೆಗೂ ಮುಳ್ಳು ತೊಂಬತ್ತೈದು ದಾಟಲಿಲ್ಲ. ಮೊಬೈಲು ಕ್ಯಾಮೆರಾ ಅಂತ ಕೂಗಿದಾಗಲೆಲ್ಲ ಆಕೆ ಕಾಲು ಕದಲಿಸಬೇಕಾಗಿಯೇ ಬರಲಿಲ್ಲ. ದಂಡದ ಮೆಸೇಜೂ ಬರಲಿಲ್ಲ. ಈಗ ಕಾರಿನ ಕೀ ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿದೆ, ಯಾರು ಬೇಕಾದರೂ ತಗೊಳ್ಳಬಹುದು.

ನೆನಪಿಡಿ

* ಕ್ಯಾಮೆರಾ ಪಟ್ಟಿ ಮತ್ತು ನಕ್ಷೆ ಅಪ್‌ಡೇಟ್ ಆಗದಿದ್ದರೆ ಎಂಥ ದುಬಾರಿ ಸಾಧನವೂ ದಂಡ.

* ಹೋಗುವ ಜಾಗ ಹಾಕಿಕೊಂಡ ಮೇಲೇ ಕಾರು ಸ್ಟಾರ್ಟ್ ಮಾಡಿ.

* ಕಣ್ಣು ರಸ್ತೆಯ ಮೇಲೆ, ಕಿವಿ ಸಾಧನದ ಮೇಲೆ ಇರಲಿ.

* ಸಾಧನ ಒಂದು ಹೇಳಿ, ಫಲಕ ಇನ್ನೊಂದು ಹೇಳಿದರೆ ಫಲಕದ ಮಾತು ಕೇಳಿ.

* ಕಾರಿನ ದಾಖಲೆಯಲ್ಲಿ ಯಾರ ಮೊಬೈಲ್ ನಂಬರ್ ಇದೆ ನೋಡಿಕೊಳ್ಳಿ. ಕಾರು ನಿಮ್ಮ ಹೆಸರಿನಲ್ಲಿದ್ದರೆ ನಿಮ್ಮ ನಂಬರೇ ಇರಲಿ.